ಸಿಡಿಮದ್ದಿನಿಂದ ನೀಲಿ ಗುಳಿಗೆಯವರೆಗೆ

ಅಮಾಸೆಬೈಲು ಪಶ್ಚಿಮ ಘಟ್ಟದ ಬುಡದಲ್ಲಿ ಅಡಿಕೆ ತೋಟ, ಗದ್ದೆ, ಕಾಡುಗಳ ನಡುವೆ ಇರುವ ಊರು. ಅದಕ್ಕೆ ಸಮೀಪದ ಹೊಸಂಗಡಿಯಲ್ಲಿ, ನೆಲದೊಳಗಿನ ಬಂಡೆಯನ್ನು ಕೊರೆದು ಕಟ್ಟಿದ ವಾರಾಹಿ ವಿದ್ಯುದಾಗಾರವಿದೆ. 1989ರಲ್ಲಿ ಅದು ವಿದ್ಯುತ್ ಉತ್ಪಾದನೆ ಆರಂಭಿಸಿತು. ಬೆಟ್ಟದ ಹೊಟ್ಟೆಯಲ್ಲಿ ಇಂಥ ಗುಹೆ ತೋಡಬೇಕಾದರೆ ಸಿಡಿಮದ್ದು ಬೇಕು. ಇದೇ ಊರುಗಳಲ್ಲಿ ಜ್ವರಕ್ಕೆ, ಕೆಮ್ಮಿಗೆ ಕೊಡುವುದೂ 'ಮದ್ದೇ'. ಕರಾವಳಿಯ ಆಡುಮಾತಿನಲ್ಲಿ ಔಷಧಿ ಎನ್ನುವುದಕ್ಕಿಂತ ಮದ್ದು ಎನ್ನುವುದೇ ಹೆಚ್ಚು ಬಳಕೆ. ಯಾರೋ ಕೆಡುಕು ಬಯಸಿ ಊಟದಲ್ಲಿ ಏನನ್ನೋ ಬೆರೆಸಿದರು ಎಂದು ಶಂಕಿಸುವಾಗಲೂ ಜನ 'ಮದ್ದು ಹಾಕಿದ್ದಾರೆ' ಎಂದೇ ಹೇಳುತ್ತಾರೆ. ಬಂಡೆ ಸಿಡಿಸುವುದು, ಜೀವ ಉಳಿಸುವುದು, ಜೀವ ತೆಗೆಯುವುದು ಈ ಮೂರಕ್ಕೂ ಕನ್ನಡದಲ್ಲಿ ಒಂದೇ ಪದ.

ಇದು ಕೇವಲ ಭಾಷೆಯ ಸ್ವಾರಸ್ಯವೆಂದು ತಿಳಿಯಬೇಡಿ. ಈ ಮೂರೂ ಮುಖಗಳಿರುವ ಒಂದು ಕಥೆ ವಿಜ್ಞಾನದ ಚರಿತ್ರೆಯಲ್ಲೂ ಇದೆ. ಅದು ಆರಂಭವಾಗುವುದು ಡೈನಮೈಟ್‌ನ ಒಡಲಲ್ಲಿರುವ ನೈಟ್ರೊಗ್ಲಿಸರಿನ್‌ನಿಂದ. ನಡುವೆ ಎದೆನೋವಿಗೆ ನಾಲಿಗೆಯಡಿ ಇಡುವ ಗುಳಿಗೆ ಬರುತ್ತದೆ. ಕೊನೆಗೆ ಬರುವುದು ಪುರುಷರ ನಿಮಿರು ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್, ಅಂದರೆ ವಯಾಗ್ರ ಎಂಬ ಹೆಸರಿನಿಂದ ಪ್ರಸಿದ್ಧವಾದ ನೀಲಿ ಗುಳಿಗೆ. ಈ ಎರಡು ಗುಳಿಗೆಗಳು ಒಂದೇ ದೇಹದಲ್ಲಿ ಸೇರಿದರೆ ಸಾವು ಸಂಭವಿಸಬಹುದು. ಏಕೆ ಎಂಬುದನ್ನು ತಿಳಿಯಲು 150ಕ್ಕೂ ಹೆಚ್ಚು ವರ್ಷಗಳ ಹಿಂದಕ್ಕೆ ಹೋಗಬೇಕು.

ವಿಷಯ ಮುಜುಗರದ್ದು ಎಂದು ಪುಟ ತಿರುಗಿಸಬೇಡಿ. ಕನ್ನಡಕ್ಕೆ ಈ ವಿಷಯ ಹೊಸತಲ್ಲ. ಹನ್ನೊಂದನೆಯ ಶತಮಾನದಲ್ಲೇ ಚಂದ್ರರಾಜನು 'ಮದನತಿಲಕ' ಎಂಬ ಕಾಮಶಾಸ್ತ್ರ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ್ದನು. ನಮ್ಮ ಕಾಲದಲ್ಲಿ ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ'ಯ ಮೂಲಕ ಸಾವಿರಾರು ಮನೆಗಳಿಗೆ ಇಂಥ ತಿಳಿವಳಿಕೆಯನ್ನು ಮುಟ್ಟಿಸಿದರು. ಹೇಳದೆ ಉಳಿದದ್ದರಿಂದ ಆಗುವ ಹಾನಿ ಹೇಳಿದ್ದರಿಂದ ಆಗುವ ಮುಜುಗರಕ್ಕಿಂತ ದೊಡ್ಡದು. ಈ ಲೇಖನದ ಉದ್ದಕ್ಕೂ ಅದಕ್ಕೆ ಪುರಾವೆ ಸಿಗುತ್ತದೆ.

ತಲೆನೋವು ತಂದ ಹನಿ

1847ರಲ್ಲಿ ಇಟಲಿಯ ಟುರಿನ್ ನಗರದಲ್ಲಿ ಅಸ್ಕಾನಿಯೊ ಸೊಬ್ರೆರೊ ಎಂಬ ರಸಾಯನ ವಿಜ್ಞಾನಿ ಗ್ಲಿಸರಿನ್ ಅನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದೊಡನೆ ವರ್ತಿಸುವಂತೆ ಮಾಡಿ ಎಣ್ಣೆಯಂಥ ದ್ರವವೊಂದನ್ನು ಪಡೆದನು. ಅದೇ ನೈಟ್ರೊಗ್ಲಿಸರಿನ್. ಅದು ಸಿಡಿಯುತ್ತಿತ್ತು. ಅಷ್ಟೇ ಅಲ್ಲ, ಒಂದಿಷ್ಟನ್ನು ನಾಲಿಗೆಗೆ ಸೋಕಿಸಿದರೂ ತೀವ್ರ ತಲೆನೋವು ಬರುತ್ತಿತ್ತು. ಆ ತಲೆನೋವನ್ನೂ ಸೊಬ್ರೆರೊ ದಾಖಲಿಸಿದನು. ಅನಪೇಕ್ಷಿತವೆಂದು ಕಂಡದ್ದನ್ನೂ ಬರೆದಿಡುವ ಈ ಅಭ್ಯಾಸದ ಬೆಲೆ ಎಷ್ಟೆಂದು ಮುಂದೆ ನೋಡುವಿರಿ.

ಆಲ್‌ಫ್ರೆಡ್ ನೊಬೆಲ್ ಈ ದ್ರವವನ್ನು ವಿಶೇಷ ಬಗೆಯ ಮಣ್ಣಿಗೆ ಹೀರಿಸಿ ಸಾಗಿಸಲು ಸುಲಭವಾಗುವಂತೆ ಮಾಡಿದನು. 1867ರಲ್ಲಿ ಅದಕ್ಕೆ ಡೈನಮೈಟ್ ಎಂಬ ಹೆಸರಿನಲ್ಲಿ ಏಕಸ್ವಾಮ್ಯ ಪಡೆದನು. ಡೈನಮೈಟ್ ಕಾರ್ಖಾನೆಗಳ ಕೆಲಸಗಾರರಲ್ಲಿ ಒಂದು ವಿಚಿತ್ರ ಕಾಯಿಲೆ ಕಂಡುಬಂತು. ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದಾಗ ತಲೆ ಸಿಡಿಯುವಂಥ ನೋವು. ವಾರ ಕಳೆದಂತೆ ಅದು ಕಡಿಮೆಯಾಗುತ್ತಿತ್ತು. ಮುಂದಿನ ಸೋಮವಾರ ಮತ್ತೆ ಹಾಜರು. ಚರ್ಮ ಮತ್ತು ಉಸಿರಿನ ಮೂಲಕ ದೇಹ ಸೇರಿದ ನೈಟ್ರೊಗ್ಲಿಸರಿನ್ ರಕ್ತನಾಳಗಳನ್ನು ಹಿಗ್ಗಿಸುತ್ತಿತ್ತು. ದೇಹ ಅದಕ್ಕೆ ಒಗ್ಗಿಕೊಂಡಾಗ ನೋವು ಇಳಿಯುತ್ತಿತ್ತು. ರಜೆಯಲ್ಲಿ ಆ ಒಗ್ಗುವಿಕೆ ಮಾಯವಾಗುತ್ತಿತ್ತು.

ಡೈನಮೈಟ್ ಬಂದ ವರ್ಷವೇ, ಅಂದರೆ 1867ರಲ್ಲಿ, ಬ್ರಿಟನ್ನಿನ ವೈದ್ಯ ಲಾಡರ್ ಬ್ರಂಟನ್ ಅಮೈಲ್ ನೈಟ್ರೈಟ್ ಎಂಬ ಆವಿಯನ್ನು ಮೂಸಿದರೆ ಹೃದಯಶೂಲೆ ಶಮನವಾಗುತ್ತದೆಂದು ವರದಿ ಮಾಡಿದನು. ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ಒದಗದಾಗ ಎದೆ ಹಿಂಡಿದಂತಾಗುವ ನೋವೇ ಹೃದಯಶೂಲೆ. 1879ರಲ್ಲಿ ವಿಲಿಯಂ ಮರೆಲ್ ಎಂಬ ವೈದ್ಯ ಅತ್ಯಲ್ಪ ಪ್ರಮಾಣದ ನೈಟ್ರೊಗ್ಲಿಸರಿನ್ ಕೂಡ ಇದೇ ಕೆಲಸ ಮಾಡುತ್ತದೆ, ಪರಿಣಾಮ ಇನ್ನೂ ಹೆಚ್ಚು ಹೊತ್ತು ಇರುತ್ತದೆ ಎಂದು ತೋರಿಸಿದನು. ನಾಳಗಳನ್ನು ಹಿಗ್ಗಿಸಿ ತಲೆನೋವು ತಂದ ಗುಣವೇ ಎದೆನೋವಿಗೆ ಮದ್ದಾಯಿತು. ಸಿಡಿಮದ್ದಿನ ಹೆಸರು ಕೇಳಿ ಜನ ಹೆದರಬಾರದೆಂದು ಔಷಧಿ ಅಂಗಡಿಗಳಲ್ಲಿ ಅದನ್ನು ಟ್ರೈನೈಟ್ರಿನ್ ಎಂದು ಕರೆದರು. 1896ರಲ್ಲಿ ಹೃದ್ರೋಗದಿಂದ ಬಳಲುತ್ತಿದ್ದ ನೊಬೆಲ್‌ನಿಗೇ ವೈದ್ಯರು ಈ ಮದ್ದನ್ನು ಬರೆದುಕೊಟ್ಟರು. ಇದೆಂಥ ವಿಧಿಯ ಅಣಕ ಎಂಬ ಭಾವದಲ್ಲಿ ಅವನು ಪತ್ರ ಬರೆದನು. ಅದೇ ವರ್ಷ ಡಿಸೆಂಬರ್ 10ರಂದು ತೀರಿಕೊಂಡನು.

ಇಂದಿಗೂ ನಮ್ಮ ಊರುಗಳಲ್ಲಿ ಹೃದ್ರೋಗವಿರುವ ಹಿರಿಯರು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವ ಸೋರ್ಬಿಟ್ರೇಟ್ ಗುಳಿಗೆ ಇದೇ ವಂಶದ್ದು. ಅದರಲ್ಲಿರುವುದು ಐಸೊಸಾರ್ಬೈಡ್ ಡೈನೈಟ್ರೇಟ್. ಈ ಗುಂಪಿಗೆ ಒಟ್ಟಾಗಿ ನೈಟ್ರೇಟ್‌ಗಳು ಎನ್ನುತ್ತಾರೆ.

ನೂರು ವರ್ಷ ಬಿಡಿಸದ ಒಗಟು

ಮದ್ದು ಕೆಲಸ ಮಾಡುತ್ತಿತ್ತು. ಹೇಗೆ ಎಂಬುದು ಮಾತ್ರ ಸುಮಾರು ನೂರು ವರ್ಷ ತಿಳಿದಿರಲಿಲ್ಲ. 1977ರಲ್ಲಿ ಅಮೆರಿಕದ ಫೆರಿಡ್ ಮುರಾದ್, ನೈಟ್ರೇಟ್‌ಗಳಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ, ಅದು ಜೀವಕೋಶದಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ಅಣುವಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ ಎಂದು ತೋರಿಸಿದರು. ಸೈಕ್ಲಿಕ್ ಜಿಎಂಪಿ ಹೆಚ್ಚಿದಾಗ ರಕ್ತನಾಳದ ಗೋಡೆಯ ನುಣುಪು ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ.

ಅತ್ತ ರಾಬರ್ಟ್ ಫರ್ಚ್‌ಗಾಟ್ ಅವರ ಪ್ರಯೋಗಶಾಲೆಯಲ್ಲಿ ಬೇರೊಂದು ಒಗಟು. ಮೊಲದ ಮಹಾಧಮನಿಯ ತುಣುಕಿಗೆ ಅಸಿಟೈಲ್‌ಕೋಲೀನ್ ಹಾಕಿದರೆ ಅದು ಸಡಿಲವಾಗುವ ಬದಲು ಬಿಗಿಯುತ್ತಿತ್ತು. ಒಮ್ಮೆ ಮಾತ್ರ ಸಡಿಲವಾಯಿತು. ಹುಡುಕಿದಾಗ ತಿಳಿದದ್ದಿಷ್ಟು: ತುಣುಕನ್ನು ಸಿದ್ಧಪಡಿಸುವಾಗ ಒಳಪದರ ಉಜ್ಜಿ ಹೋದರೆ ನಾಳ ಸಡಿಲವಾಗದು, ಪದರ ಉಳಿದಿದ್ದರೆ ಆಗುತ್ತದೆ. ಎಂದರೆ ಒಳಪದರದ ಕೋಶಗಳೇ ಯಾವುದೋ ಸಂದೇಶವಸ್ತುವನ್ನು ಸ್ರವಿಸುತ್ತವೆ. 1980ರಲ್ಲಿ ಅವರು ಇದನ್ನು ಪ್ರಕಟಿಸಿದರು. ಪ್ರಯೋಗದಲ್ಲಿ 'ಕೆಟ್ಟ' ಫಲಿತಾಂಶ ಬಂದಾಗ ಅದನ್ನು ಎಸೆಯದೆ ಕಾರಣ ಹುಡುಕಬೇಕೆಂದು ವಿದ್ಯಾರ್ಥಿಗಳಿಗೆ ಹೇಳುವಾಗ ಈ ಉದಾಹರಣೆಯನ್ನು ನೀವು ಬಳಸಬಹುದು.

ಆ ಅಜ್ಞಾತ ಸಂದೇಶವಸ್ತು ಬೇರೇನೂ ಅಲ್ಲ, ನೈಟ್ರಿಕ್ ಆಕ್ಸೈಡೇ ಎಂಬುದು 1987ರ ವೇಳೆಗೆ ಲೂಯಿಸ್ ಇಗ್ನಾರೊ ಮತ್ತು ಸಾಲ್ವಡಾರ್ ಮೊಂಕಾಡ ಅವರ ತಂಡಗಳ ಪ್ರತ್ಯೇಕ ಸಂಶೋಧನೆಗಳಿಂದ ಖಚಿತವಾಯಿತು. ವಾಹನಗಳ ಹೊಗೆಯಲ್ಲಿರುವ ಒಂದು ಅನಿಲವನ್ನು ನಮ್ಮ ದೇಹವೇ ತಯಾರಿಸಿ ಸಂದೇಶ ಸಾಗಿಸಲು ಬಳಸುತ್ತದೆ ಎಂಬುದು ಆಗ ಎಲ್ಲರನ್ನೂ ಬೆರಗುಗೊಳಿಸಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಪಾರಿತೋಷಕ ಬಂತು. ನೈಟ್ರೊಗ್ಲಿಸರಿನ್‌ನಿಂದ ಗಳಿಸಿದ ಹಣದ ಪಾರಿತೋಷಕ, ನೈಟ್ರೊಗ್ಲಿಸರಿನ್‌ನ ಒಗಟು ಬಿಡಿಸಿದವರಿಗೆ ಸಂದಿತು.

ಬೇರೊಂದು ರೋಗಕ್ಕೆ ಹೊರಟ ಗುಳಿಗೆ

ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಶಾಲೆಯಲ್ಲಿ 1980ರ ದಶಕದ ಕೊನೆಗೆ ಹೃದಯಶೂಲೆಗೆ ಹೊಸ ಔಷಧಿ ಹುಡುಕುತ್ತಿದ್ದರು. ಸೈಕ್ಲಿಕ್ ಜಿಎಂಪಿಯನ್ನು ಒಡೆಯುವ ಕಿಣ್ವಗಳು ನಮ್ಮ ದೇಹದಲ್ಲಿವೆ. ಅವುಗಳಲ್ಲಿ ಒಂದು ಫಾಸ್ಫೊಡೈಎಸ್ಟರೇಸ್-5. ಅದನ್ನು ತಡೆದರೆ ಸೈಕ್ಲಿಕ್ ಜಿಎಂಪಿ ಹೆಚ್ಚು ಹೊತ್ತು ಉಳಿದು ನಾಳಗಳು ಹಿಗ್ಗಿರುತ್ತವೆ ಎಂಬುದು ಅವರ ಲೆಕ್ಕ. 1989ರಲ್ಲಿ ತಯಾರಾದ ಯುಕೆ-92480 ಎಂಬ ಸಂಯುಕ್ತವೇ ಮುಂದೆ ಸಿಲ್ಡೆನಾಫಿಲ್ ಆಯಿತು.

1990ರ ದಶಕದ ಆರಂಭದ ಮಾನವ ಪ್ರಯೋಗಗಳಲ್ಲಿ ಹೃದಯಶೂಲೆಗೆ ಅದರಿಂದ ಹೇಳಿಕೊಳ್ಳುವಷ್ಟು ಪ್ರಯೋಜನ ಕಾಣಲಿಲ್ಲ. ಅದು ನೈಟ್ರೇಟ್‌ಗಳ ಪರಿಣಾಮವನ್ನು ಹೆಚ್ಚಿಸುತ್ತದೆ ಎಂಬುದೂ ತಿಳಿದುಬಂತು. ಹೃದಯಶೂಲೆಯ ರೋಗಿಗಳಲ್ಲಿ ಅನೇಕರು ನೈಟ್ರೇಟ್ ಸೇವಿಸುವವರೇ ಆದ್ದರಿಂದ ಇದು ದೊಡ್ಡ ತೊಡಕು. ಆದರೆ ಪ್ರಯೋಗದಲ್ಲಿ ಭಾಗವಹಿಸಿದ ಆರೋಗ್ಯವಂತ ಪುರುಷರಲ್ಲಿ ಕೆಲವರು ನಿಮಿರುವಿಕೆ ಹೆಚ್ಚಿದೆ ಎಂದು ಹೇಳಿದರು. ಅವರು ನಾಚಿ ಸುಮ್ಮನಿದ್ದರೆ ಈ ಔಷಧಿ ಬಹುಶಃ ಅಲ್ಲಿಗೇ ಕೊನೆಗೊಳ್ಳುತ್ತಿತ್ತು.

ಇದೇ ಕಾಲದಲ್ಲಿ, 1992ರಲ್ಲಿ, ಇಗ್ನಾರೊ ಮತ್ತು ಸಂಗಡಿಗರು ಶಿಶ್ನದ ಸ್ನಾಯುಗಳನ್ನು ಸಡಿಲಿಸಿ ರಕ್ತ ತುಂಬಿಸುವ ಸಂಕೇತ ನೈಟ್ರಿಕ್ ಆಕ್ಸೈಡ್ ಎಂದು ಪ್ರಕಟಿಸಿದರು. ಎರಡು ಎಳೆಗಳು ಸೇರಿದವು. 1998ರ ಮಾರ್ಚ್ 27ರಂದು ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ ಸಿಲ್ಡೆನಾಫಿಲ್‌ಗೆ ಅನುಮತಿ ನೀಡಿತು. 1970ರ ಏಕಸ್ವಾಮ್ಯ ಕಾಯಿದೆಯಡಿ ಭಾರತದಲ್ಲಿ ಔಷಧಿಯ ತಯಾರಿಕಾ ವಿಧಾನಕ್ಕೆ ಮಾತ್ರ ಏಕಸ್ವಾಮ್ಯವಿತ್ತು, ಔಷಧಿಗೆ ಇರಲಿಲ್ಲ. ಆದ್ದರಿಂದ 2000ದ ದಶಕದ ಆರಂಭದಲ್ಲೇ ನಮ್ಮ ಕಂಪನಿಗಳು ಇದನ್ನು ಅಗ್ಗದ ಬೆಲೆಗೆ ಮಾರುಕಟ್ಟೆಗೆ ತಂದವು. ತಡಲಾಫಿಲ್, ವಾರ್ಡೆನಾಫಿಲ್ ಎಂಬ ಇದೇ ಜಾತಿಯ ಔಷಧಿಗಳು ಹಿಂದೆಯೇ ಬಂದವು.

ಮದಗ, ತೋಡು, ತೂಬು

ಈಗ ಅಪಾಯದ ಮೂಲಕ್ಕೆ ಬರೋಣ. ಒಂದು ಮದಗವನ್ನು ಕಲ್ಪಿಸಿಕೊಳ್ಳಿ. ಮೇಲಿನ ತೋಡಿನಿಂದ ನೀರು ಬಂದು ಸೇರುತ್ತದೆ, ಕೆಳಗಿನ ತೂಬಿನಿಂದ ಹೊರಟುಹೋಗುತ್ತದೆ. ಮದಗದ ನೀರು ಸೈಕ್ಲಿಕ್ ಜಿಎಂಪಿ. ತೋಡಿನ ಹರಿವನ್ನು ನಿರ್ಧರಿಸುವುದು ನೈಟ್ರಿಕ್ ಆಕ್ಸೈಡ್. ತೂಬು ಫಾಸ್ಫೊಡೈಎಸ್ಟರೇಸ್-5. ನೀರಿನ ಮಟ್ಟ ಏರಿದಷ್ಟೂ ರಕ್ತನಾಳ ಸಡಿಲ.

ಸಿಲ್ಡೆನಾಫಿಲ್ ತೂಬನ್ನು ಮುಚ್ಚುತ್ತದೆ, ಅಷ್ಟೇ. ತೋಡಿನಲ್ಲಿ ನೀರೇ ಇಲ್ಲದಿದ್ದರೆ ತೂಬು ಮುಚ್ಚಿ ಫಲವಿಲ್ಲ. ಆದ್ದರಿಂದಲೇ ಈ ಗುಳಿಗೆ ಕಾಮೋತ್ತೇಜಕವಲ್ಲ. ಮನಸ್ಸು ಮತ್ತು ನರಗಳಿಂದ ಸಂಕೇತ ಬಂದು ನೈಟ್ರಿಕ್ ಆಕ್ಸೈಡ್ ಉಂಟಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮಧುಮೇಹದಿಂದ ನರ ಮತ್ತು ನಾಳಗಳು ಕೆಟ್ಟವರಲ್ಲಿ ಅದರ ಪರಿಣಾಮ ಕಡಿಮೆಯಾಗಲು ಕಾರಣವೂ ಇದೇ.

ನೈಟ್ರೇಟ್ ತೋಡಿನ ನೀರನ್ನು ಒಮ್ಮೆಲೇ ಹೆಚ್ಚಿಸುತ್ತದೆ. ತೂಬು ತೆರೆದಿದ್ದರೆ ಮದಗ ತಡೆದುಕೊಳ್ಳುತ್ತದೆ. ತೂಬು ಮುಚ್ಚಿರುವಾಗ ತೋಡಿಗೆ ನೆರೆ ಬಂದರೆ? ದೇಹದ ಎಲ್ಲೆಡೆಯ ನಾಳಗಳೂ ಒಟ್ಟಿಗೆ ಸಡಿಲವಾಗಿ ರಕ್ತದ ಒತ್ತಡ ಕುಸಿಯುತ್ತದೆ. 100 ಮಿಲಿಗ್ರಾಂ ಸಿಲ್ಡೆನಾಫಿಲ್ ಒಂದೇ ಆದರೆ ಮೇಲಿನ ಒತ್ತಡ ಸರಾಸರಿ ಸುಮಾರು 8 ಮಿಲಿಮೀಟರ್ ಪಾದರಸದಷ್ಟು ಇಳಿಯುತ್ತದೆ. ಬಹುಪಾಲು ಮಂದಿಗೆ ಅದು ಗೊತ್ತೂ ಆಗದು. ನೈಟ್ರೇಟ್ ಸೇರಿದಾಗ ಕುಸಿತ ಹಠಾತ್ತಾಗಿ, ಅಳತೆ ಮೀರಿ ಆಗಬಹುದು. ಹೃದಯದ ನಾಳಗಳು ಮೊದಲೇ ಕಿರಿದಾದವರಲ್ಲಿ ಒತ್ತಡವಿಲ್ಲದೆ ಹೃದಯಕ್ಕೆ ರಕ್ತ ತಲುಪದು. ಎದೆಯನ್ನು ಉಳಿಸಬೇಕಿದ್ದ ಮದ್ದೇ ಎದೆಯನ್ನು ನಿಲ್ಲಿಸುತ್ತದೆ.

ಇದು ಊಹೆಯಲ್ಲ. ಗುಳಿಗೆ ಬಂದ ಮೊದಲ ವರ್ಷ ಅಮೆರಿಕದಲ್ಲಿ ವರದಿಯಾದ ಸಾವುಗಳಲ್ಲಿ ನೈಟ್ರೇಟ್ ಸೇವಿಸಿದ್ದವರೂ, ನೈಟ್ರೇಟ್ ಕೊಡಲ್ಪಟ್ಟವರೂ ಇದ್ದರು. 'ಕೊಡಲ್ಪಟ್ಟವರು' ಎಂಬ ಪದವನ್ನು ಗಮನಿಸಿ. ಎದೆನೋವೆಂದು ಬಂದವರಿಗೆ ನೈಟ್ರೇಟ್ ಕೊಡುವುದು ಎಲ್ಲೆಡೆ ರೂಢಿ. 1998ರ ನವೆಂಬರ್‌ನಲ್ಲಿ ಔಷಧಿಯ ಜೊತೆಗಿನ ಎಚ್ಚರಿಕೆಯನ್ನು ಇನ್ನಷ್ಟು ಕಠಿಣಗೊಳಿಸಲಾಯಿತು. ಸಿಲ್ಡೆನಾಫಿಲ್ ಸೇವಿಸಿ 24 ಗಂಟೆ, ತಡಲಾಫಿಲ್ ಸೇವಿಸಿ 48 ಗಂಟೆ ಕಳೆಯುವವರೆಗೆ ನೈಟ್ರೇಟ್ ಕೊಡಕೂಡದೆಂಬ ನಿಯಮ ರೂಪುಗೊಂಡಿತು. ತಡಲಾಫಿಲ್‌ನ ಅರ್ಧಾಯು ಸುಮಾರು 17 ಗಂಟೆ, ಸಿಲ್ಡೆನಾಫಿಲ್‌ನದು ಸುಮಾರು 4 ಗಂಟೆ. ಅಂತರದ ವ್ಯತ್ಯಾಸಕ್ಕೆ ಇದೇ ಕಾರಣ.

ಬಳಸುವವರು ತಿಳಿದಿರಬೇಕಾದದ್ದು

ಚರಿತ್ರೆಯಿಂದ ಕಲಿತ ಪಾಠಗಳನ್ನು ಒಂದೆಡೆ ಕೂಡಿಸೋಣ. ಐಸೊಸಾರ್ಬೈಡ್, ನೈಟ್ರೊಗ್ಲಿಸರಿನ್, ನಿಕೊರಾಂಡಿಲ್ ಇವುಗಳಲ್ಲಿ ಯಾವುದನ್ನೇ ಸೇವಿಸುವವರು ಈ ಜಾತಿಯ ಗುಳಿಗೆಗಳನ್ನು ಮುಟ್ಟಲೇಬಾರದು. ನಿಕೊರಾಂಡಿಲ್ ಹೆಸರಿನಲ್ಲಿ ನೈಟ್ರೇಟ್ ಎಂಬ ಪದವಿಲ್ಲ, ಆದರೆ ಅಣುವಿನಲ್ಲಿ ಅದಿದೆ. ಶ್ವಾಸಕೋಶದ ರಕ್ತದೊತ್ತಡಕ್ಕೆ ಕೊಡುವ ರಿಯೊಸಿಗ್ವಾಟ್ ಕೂಡ ಕೂಡದು. ಬ್ರಂಟನ್ ಮೂಸಿಸಿದ ಅಮೈಲ್ ನೈಟ್ರೈಟ್‌ನ ಬಂಧುಗಳು ಇಂದು ಮೋಜಿನ ಕೂಟಗಳಲ್ಲಿ ಮೂಸುವ ಅಮಲು ಪದಾರ್ಥಗಳಾಗಿ ಮರಳಿ ಬಂದಿವೆ. ಅವುಗಳೊಡನೆಯೂ ಇದೇ ಅಪಾಯ.

ಪ್ರಾಸ್ಟೇಟ್ ತೊಂದರೆಗೆ ಅಥವಾ ರಕ್ತದೊತ್ತಡಕ್ಕೆ ಆಲ್ಫಾ ಪ್ರತಿಬಂಧಕ ಸೇವಿಸುವವರಲ್ಲಿ ತಲೆಸುತ್ತಿ ಬೀಳುವ ಸಂಭವವಿದೆ. ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಕೀಟೊಕೊನಜೋಲ್, ಎರಿತ್ರೊಮೈಸಿನ್, ರಿಟೊನವಿರ್ ಮುಂತಾದವು ಯಕೃತ್ತಿನಲ್ಲಿ ಸಿಲ್ಡೆನಾಫಿಲ್ ಕರಗುವುದನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ರಕ್ತದೊತ್ತಡ ತೀರ ಕಡಿಮೆ ಇರುವವರು ವೈದ್ಯರ ತಪಾಸಣೆಯಿಲ್ಲದೆ ಸೇವಿಸಬಾರದು. ಎರಡು ಮಹಡಿ ಮೆಟ್ಟಿಲನ್ನು ಚುರುಕಾಗಿ ಹತ್ತಿದಾಗ ಎದೆನೋವು, ವಿಪರೀತ ಏದುಸಿರು ಬರುವವರು ಗುಳಿಗೆಯ ಮಾತಿಗೆ ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು.

ಗುಳಿಗೆ 25, 50, 100 ಮಿಲಿಗ್ರಾಂ ಪ್ರಮಾಣಗಳಲ್ಲಿ ಬರುತ್ತದೆ. ಯಾರಿಗೆ ಯಾವುದೆಂದು ನಿರ್ಧರಿಸುವುದು ವೈದ್ಯರ ಕೆಲಸ. 65 ದಾಟಿದವರಿಗೆ ಸಾಮಾನ್ಯವಾಗಿ 25ರಿಂದ ಆರಂಭ. ಸುಮಾರು ಒಂದು ಗಂಟೆ ಮೊದಲು ಸೇವಿಸಬೇಕು, ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಜಿಡ್ಡಿನ ಊಟದ ಮೇಲೆ ಸೇವಿಸಿದರೆ ಪರಿಣಾಮ ತಡವಾಗುತ್ತದೆ. ಕೆಲಸ ಮಾಡಲಿಲ್ಲವೆಂದು ಇನ್ನೊಂದನ್ನು ನುಂಗುವವರು ಎಡವುವುದು ಇಲ್ಲೇ. ಮದ್ಯವೂ ರಕ್ತದೊತ್ತಡ ಇಳಿಸುತ್ತದೆ, ಜೊತೆಗೆ ಬೇಡ. ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು ಸಾಮಾನ್ಯ ಅಡ್ಡಪರಿಣಾಮಗಳು. ಸೊಬ್ರೆರೊ ಕಂಡ ತಲೆನೋವಿನ ದಾಯಾದಿ ಇದು. ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲವೂ ನೀಲಿಯಾಗಿ ಕಾಣುತ್ತದೆ. ಅಕ್ಷಿಪಟದಲ್ಲಿರುವ ಇದೇ ಜಾತಿಯ ಇನ್ನೊಂದು ಕಿಣ್ವಕ್ಕೂ ಔಷಧಿ ಸ್ವಲ್ಪ ತಡೆ ಒಡ್ಡುವುದೇ ಅದಕ್ಕೆ ಕಾರಣ. ಆದರೆ ನಿಮಿರುವಿಕೆ 4 ಗಂಟೆ ಮೀರಿದರೆ, ಹಠಾತ್ತಾಗಿ ದೃಷ್ಟಿ ಅಥವಾ ಶ್ರವಣ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು. ನಿಮಿರು ದೌರ್ಬಲ್ಯ ಅನೇಕ ವೇಳೆ ರೋಗವಲ್ಲ, ರೋಗದ ಮುನ್ಸೂಚನೆ. ಶಿಶ್ನದ ಧಮನಿಗಳು ಹೃದಯದ ಧಮನಿಗಳಿಗಿಂತ ಕಿರಿದು. ನಾಳಗಳ ಒಳಪದರ ಕೆಡುತ್ತ ಬಂದಾಗ ಮೊದಲು ಅಲ್ಲಿ ತೋರುತ್ತದೆ, ಕೆಲವು ವರ್ಷಗಳ ನಂತರ ಎದೆಯಲ್ಲಿ. ಗುಟ್ಟಾಗಿ ಗುಳಿಗೆ ನುಂಗಿ ಸುಮ್ಮನಾಗುವವನು ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ಕಂಡುಹಿಡಿಯುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ.

'ಬರೀ ಬೇರು' ಎಂಬ ಭರವಸೆ

ಘಟ್ಟದ ಬುಡದ ಜನರಿಗೆ ನೆಲತಾಳೆ, ಶತಾವರಿ, ನಸುಗುನ್ನಿ ಹೊಸ ಹೆಸರುಗಳಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವೇ ಅದಕ್ಕೆ ಮೀಸಲು. ಈ ಪರಂಪರೆಯ ಹೆಸರಿಗೆ ಇರುವ ಗೌರವವನ್ನು ಇಂದು ಮೋಸಗಾರರು ಬಂಡವಾಳ ಮಾಡಿಕೊಂಡಿದ್ದಾರೆ. 'ಅಪ್ಪಟ ಗಿಡಮೂಲಿಕೆ' ಎಂದು ಮಾರುವ ಪುಡಿ, ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಅನೇಕ ದೇಶಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ನೈಟ್ರೇಟ್ ಸೇವಿಸುವ ಹೃದ್ರೋಗಿ 'ಇಂಗ್ಲಿಷ್ ಮದ್ದು ಬೇಡ, ಬೇರಿನ ಪುಡಿ ಸಾಕು' ಎಂದು ಜಾಣತನದಿಂದ ಆರಿಸಿಕೊಂಡದ್ದರಲ್ಲೇ ಅವನಿಗೆ ನಿಷಿದ್ಧವಾದದ್ದು ಅಡಗಿರಬಹುದು.

2008ರ ಜನವರಿಯಿಂದ ಮೇ ತಿಂಗಳವರೆಗೆ ಸಿಂಗಪುರದ ಆಸ್ಪತ್ರೆಗಳಿಗೆ ಮಧುಮೇಹವೇ ಇಲ್ಲದ 150 ಮಂದಿ ರಕ್ತದ ಸಕ್ಕರೆ ವಿಪರೀತ ಕುಸಿದು ಬಂದರು. ನಾಲ್ವರು ಸತ್ತರು. ಏಳು ಮಂದಿಗೆ ಪ್ರಜ್ಞೆ ಮರಳಲಿಲ್ಲ. ವಿಚಾರಿಸಿದಾಗ ಅವರಲ್ಲಿ ಹಲವರು ಲೈಂಗಿಕ ಶಕ್ತಿಯ ನಕಲಿ ಗುಳಿಗೆ, ಮೂಲಿಕೆ ಮದ್ದು ಸೇವಿಸಿದ್ದು ತಿಳಿಯಿತು. ಅವುಗಳಲ್ಲಿ ಮಧುಮೇಹಕ್ಕೆ ಕೊಡುವ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು.

ಬಸ್ ನಿಲ್ದಾಣದ ಗೋಡೆಗಳಲ್ಲಿ ಇಂಥ ಮದ್ದುಗಳ ಜಾಹೀರಾತನ್ನು ನೀವು ನೋಡಿರುತ್ತೀರಿ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಸಿಲ್ಡೆನಾಫಿಲ್ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಿ. ಕಾನೂನು ಇದೆ. ಅದನ್ನು ಸೋಲಿಸುವುದು ಗಿರಾಕಿಯ ನಾಚಿಕೆ. ಮೋಸಹೋದವನು ದೂರು ಕೊಡುವುದಿಲ್ಲ ಎಂಬುದು ಮಾರುವವನಿಗೆ ಗೊತ್ತು.

ಒಂದು ವಾಕ್ಯ

ಅಮಾಸೆಬೈಲಿನಂಥ ಊರಿನಲ್ಲಿ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಏನಾಗುತ್ತದೆ, ಯೋಚಿಸಿ. ಮನೆಯವರು ನೆರೆಮನೆಯ ಹಿರಿಯರಲ್ಲಿರುವ ನಾಲಿಗೆಯಡಿಯ ಗುಳಿಗೆ ತಂದು ಕೊಡಬಹುದು. 108ಕ್ಕೆ ಕರೆ ಹೋಗುತ್ತದೆ. ಮುಂದೆ ಕುಂದಾಪುರ, ಅಲ್ಲಿಂದ ಮಣಿಪಾಲದವರೆಗೆ ದಾರಿ ಉದ್ದವಿದೆ. ಈ ದಾರಿಯ ಯಾವುದೇ ಹಂತದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಒಬ್ಬರು ನೈಟ್ರೇಟ್ ಕೊಡಬಹುದು. ರೋಗಿ ನಿನ್ನೆ ರಾತ್ರಿ ನುಂಗಿದ್ದೇನೆಂದು ಅವರಿಗೆ ತಿಳಿಯುವುದು ಹೇಗೆ? ಅವನು ಹೇಳಬೇಕು. ಅವನಿಗೆ ಮಾತನಾಡಲಾಗದಿದ್ದರೆ ಹೆಂಡತಿ ಹೇಳಬೇಕು. ಹೇಳಬೇಕಾದರೆ ಅವಳಿಗೆ ಗೊತ್ತಿರಬೇಕು. 'ಇಂಥ ಗುಳಿಗೆ ಇಷ್ಟು ಗಂಟೆಗೆ ತೆಗೆದುಕೊಂಡಿದ್ದಾರೆ' ಎಂಬ ಒಂದು ವಾಕ್ಯ ಸಾಕು. ವೈದ್ಯರ ಬಳಿ ನೈಟ್ರೇಟ್ ಬಿಟ್ಟು ಬೇರೆ ದಾರಿಗಳಿವೆ. ಅವರು ನಗುವುದಿಲ್ಲ. ಶ್ವಾಸಕೋಶದ ರಕ್ತದೊತ್ತಡಕ್ಕಾಗಿ ಇದೇ ಸಿಲ್ಡೆನಾಫಿಲ್ ಅನ್ನು ಅವರು ಹೆಂಗಸರಿಗೂ ಬರೆದುಕೊಡುತ್ತಾರೆ. ಅವರ ಕಣ್ಣಿಗೆ ಅದು ಒಂದು ಔಷಧಿ ಮಾತ್ರ.

ಸೊಬ್ರೆರೊ ತನ್ನ ತಲೆನೋವನ್ನು ಬರೆದಿಟ್ಟನು. ಕೆಟ್ಟುಹೋಯಿತೆನಿಸಿದ ಪ್ರಯೋಗವನ್ನು ಫರ್ಚ್‌ಗಾಟ್ ಮುಚ್ಚಿಡಲಿಲ್ಲ. ಪ್ರಯೋಗಕ್ಕೆ ಬಂದ ಪುರುಷರು ನಾಚಿಕೆ ಬಿಟ್ಟು ತಮಗಾದದ್ದನ್ನು ಹೇಳಿದರು. ಈ ಮದ್ದು ಹುಟ್ಟಿದ್ದು ಹೀಗೆ ಹೇಳಿದವರಿಂದ. ಬಳಸುವವರ ಜೀವ ಉಳಿಯುವುದೂ ಹೇಳುವುದರಿಂದಲೇ. ಶಿಕ್ಷಕರೇ, ನಿಮ್ಮ ಪರಿಚಯದ ಹಿರಿಯರ ಕಿಸೆಯಲ್ಲಿ ನಾಲಿಗೆಯಡಿಯ ಗುಳಿಗೆ ಇದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸಿ.